ಬೇವಿನ ತೊಟ್ಟಿಲು

ಕೋಠಿ ಬಜಾರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಉಮಾಶ್ರೀ ಒಂದು ತೊಟ್ಟಿಲಿನ ದೂಳು ಒರೆಸುತ್ತಿದ್ದಳು. ಅದಕ್ಕೆ ಕೂರಿಸಿದ್ದ ಕೊಕ್ಕು ಮುರಿದ ಮರದ ಗಿಳಿ, ಹೆಸರಿಡುವ ದಿನ ಅವ್ವ ಅದರ ತಲೆಗೆ ಹಚ್ಚಿದ್ದ ಅರಿಶಿನ ಕಂಡಾಗ ಅವಳ ಕೈ ನಿಂತಿತು. ಅದು ಅವಳ ಕೂಸಿನ ತೊಟ್ಟಿಲೇ. ಕೂಸು ತೀರಿಕೊಂಡ ಮೇಲೆ ಅದನ್ನು ತವರಿಗೆ ಕಳಿಸಿದ್ದೇನೆಂದು ಅತ್ತೆ ಹೇಳಿದ್ದಳು.

"ಹಗೂರ ಒರಸವಾ, ಗಿಳಿ ಹಾರಿ ಹೋದೀತು!" ಎಂದು ನಕ್ಕ ಮಾಲೀಕ ಸಿದ್ದರಾಮಪ್ಪ ಗಿರಾಕಿಯತ್ತ ತಿರುಗಿದ. "ಅಸಲಿ ಸಾಗವಾನಿ ಐತ್ರಿ, ನವಾಬರ ಕಾಲದ್ದು. ಪಾಲಿಶ್ ಹೊಡೆಸಿ ಹೂಕುಂಡ ಇಡ್ರಿ, ಭಾಳ ಚಂದ ಕಾಣತೈತಿ."

ಅದು ಬೇವು. ಬೇವಿನ ತೊಟ್ಟಿಲಲ್ಲಿ ಮಲಗಿದ ಕೂಸಿಗೆ ರೋಗ ತಾಗದೆಂದು ಅಪ್ಪ ಹಿತ್ತಲಿನ ಮರವನ್ನೇ ಕಡಿಸಿದ್ದ.

ಗಿರಾಕಿ ರೊಕ್ಕ ಎಣಿಸಿ ಕೊಟ್ಟ. ಅವನೂ ಸಿದ್ದರಾಮಪ್ಪನೂ ತೊಟ್ಟಿಲನ್ನೆತ್ತಿ ಆಟೋದತ್ತ ನಡೆದರು. ಉಮಾಶ್ರೀ ಬಾಗಿಲ ತನಕ ಓಡಿದಳು.

"ಸಾವಕಾರ್ರ," ಎಂದು ಕರೆದಳು. ಯಾರೂ ತಿರುಗಲಿಲ್ಲ. "ಅದನ್ನ ಮಾರಬ್ಯಾಡ್ರಿ."