ಒಳಗಿನ ತಂತಿ

ಲಕ್ಕಯ್ಯನ ಬೆರಳಿನಿಂದ ತಾಮ್ರದ ಉಂಗುರ ಬರಲೇ ಇಲ್ಲ. ಅವನ ಅಕ್ಕ ಸಿದ್ದಮ್ಮ ಸೋಪು ಹಚ್ಚಿ, ತಿರುಗಿಸಿ, ಅಂತೂ ಎಳೆದು ತೆಗೆದಳು. ಬೆಳ್ಳಿ ಗುಂಡಿನ ಉಡಿದಾರವನ್ನೂ ಕತ್ತರಿಸಿದಳು. ಅವರ ಮನೆತನದಲ್ಲಿ ಸತ್ತವರ ಮೈಮೇಲೆ ಲೋಹದ ಚೂರು ಉಳಿಸಿ ಮಣ್ಣು ಮಾಡುವಂತಿಲ್ಲ.

"ಇನ್ನೇನಾದ್ರೂ ಉಳೀತಾ?" ಎಂದಳು.

ಲಕ್ಕಯ್ಯನ ಮಗ ನಂದನ್ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಅತ್ತೆ, ಅಪ್ಪನ ಉಚ್ಚೆ ದಾರಿ ಒಳಗೆ ತಂತಿ ಸ್ಟೆಂಟ್ ಇದೆಯಲ್ಲ" ಅಂದುಬಿಟ್ಟ.

"ಅಯ್ಯೋ ಶಿವನೇ! ಹಂಗಾದ್ರೆ ಮೂಡಿಗೆರೆ ಆಸ್ಪತ್ರೆಗೆ ಒಯ್ದು ತೆಗೆಸ್ಕೊಂಡು ಬನ್ನಿ."

"ಕೊಯ್ಯಬೇಕಾಗುತ್ತೆ ಅತ್ತೆ."

"ಕೊಯ್ಸು! ಹಂಗೇ ಮಣ್ಣಿಗಿಟ್ರೆ ನನ್ನ ತಮ್ಮ ಮುಂದಿನ ಜನ್ಮದಲ್ಲೂ ಉಚ್ಚೆ ಕಟ್ಕೊಂಡೇ ಹುಟ್ತಾನೆ ಮಾರಾಯ!"

ಹಿರಿಯಳ ಮಾತು ಮೀರುವವರು ಅಲ್ಲಿ ಯಾರಿದ್ದರು? ಒಬ್ಬರು ಜೀಪಿಗೆ ಫೋನ್ ಮಾಡಲು ಎದ್ದೇಬಿಟ್ಟರು. ಗಂಡನ ತಲೆಯ ಬಳಿ ಕುಳಿತಿದ್ದ ಗಿಡ್ಡಮ್ಮ ಅವನ ಹಣೆಯ ಮೇಲೆ ಕೈಯಿಟ್ಟಳು. ಸತ್ತ ಮೇಲೂ ಈ ಮನುಷ್ಯನನ್ನು ಕೊಯ್ಯುತ್ತಾರಲ್ಲ ಎಂದು ಸಂಕಟವಾಯಿತು.

*

ದೇವರಮನೆ ಬೆಟ್ಟದ ಕಡೆಯ ಕಾಫಿ ಎಸ್ಟೇಟಿನಲ್ಲಿ ನೆರಳುಮರ ಹತ್ತಿ ಕೊಂಬೆ ಸವರುವುದಕ್ಕೆ ಲಕ್ಕಯ್ಯನೇ ಬೇಕಿತ್ತು. ಅಂಥವನಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿ ಮುಚ್ಚಿಹೋಯಿತು. ಟ್ಯೂಬ್ ಹಾಕಿ ಚೀಲ ಕಟ್ಟಿದರು. ಪಂಚೆಯೊಳಗೆ ಆ ಚೀಲ ಮುಚ್ಚಿಟ್ಟುಕೊಂಡು ಅವನು ಯಾರ ಮನೆಗೂ ಹೋಗಲಿಲ್ಲ. ವಾಸನೆ ಬರುತ್ತದೆಂದು ಹೆಂಡತಿಯ ಪಕ್ಕದಲ್ಲೂ ಮಲಗಲಿಲ್ಲ. ಹೃದಯ ಸೋತಿದ್ದರಿಂದ ದೊಡ್ಡ ಆಪರೇಷನ್ ತಡೆಯಲಾರನೆಂದು ಚಿಕ್ಕಮಗಳೂರಿನ ಡಾಕ್ಟರು ಮೂತ್ರನಾಳದಲ್ಲಿ ತಂತಿ ಹೆಣೆದ ಸಣ್ಣ ಕೊಳವೆ ಇಟ್ಟರು. "ಇದು ಕೊನೇತನಕ ಒಳಗೇ ಇರುತ್ತೆ" ಎಂದರು.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಎಸ್ಟೇಟಿನ ಕೂಲಿ ಲೈನ್ ಮನೆಯ ಹಿಂದಿನಿಂದ ಲಕ್ಕಯ್ಯನ ಕೂಗು ಬಂತು.

"ಏ ಗಿಡ್ಡಿ, ಓಡಿ ಬಾ! ಕೇಳಿಸ್ತಾ? ಮಳೇಲಿ ಹಂಚಿನ ನೀರು ಸುರಿದಂಗೆ ಸುರೀತಿದೆ ಕಣೇ!"

"ಥೂ, ನಾಚ್ಕೆ ಇಲ್ವಾ ನಿಮ್ಗೆ? ಅಕ್ಕಪಕ್ಕದವ್ರು ಕೇಳ್ತಾರೆ!"

ಹಾಗೆ ಬೈದವಳು ಒಳಗೆ ಹೋಗಿ, ಬಾಗಿಲ ಹಿಂದೆ ನಿಂತು ಖುಷಿಗೆ ಅತ್ತಳು. ಅವತ್ತಿನಿಂದ ಅವನ ಚಾಪೆ ಮತ್ತೆ ಅವಳ ಪಕ್ಕಕ್ಕೆ ಬಂತು.

*

"ಜೀಪು ಬೇಡ" ಎನ್ನುತ್ತಾ ಗಿಡ್ಡಮ್ಮ ಎದ್ದು ನಿಂತಳು. ಅತ್ತಿಗೆಗೆ ಎದುರಾಡಿದ್ದು ಅದೇ ಮೊದಲು.

"ಉಂಗುರ ಮೇಲೆ ಹಾಕ್ಕೊಂಡಿದ್ದು, ತೆಗೆದ್ರಿ. ಒಳಗಿರೋ ತಂತಿ ಅವ್ರ ಮೈಯೇ ಆಗ್ಹೋಗಿದೆ ಅತ್ತಿಗೆ. ನಿಮ್ಮ ತಮ್ಮನ ದಾರಿ ಬಿಡಿಸಿದ್ದೇ ಅದು. ಅದನ್ನ ಕಿತ್ತು ಕಳಿಸಿದ್ರೆ ಮತ್ತೆ ಕಟ್ಕೊಳ್ಳಲ್ವಾ?"

ಸಿದ್ದಮ್ಮ ಫೋನ್ ಬೇಡವೆಂದು ಕೈಯಾಡಿಸಿದಳು. ಫೋನ್ ಹಿಡಿದಿದ್ದವರು ಅದನ್ನು ಜೇಬಿಗಿಟ್ಟರು. ಆಮೇಲೆ ಸಿದ್ದಮ್ಮ ತುಳಸಿ ನೀರಿನ ಲೋಟ ಎತ್ತಿಕೊಂಡು ತಮ್ಮನ ಬಾಯಿಗೆ ಒಂದೊಂದೇ ಹನಿ ಬಿಡತೊಡಗಿದಳು.

"ತುಂಬ ಹಾಕಿ ಅತ್ತಿಗೆ," ಎಂದಳು ಗಿಡ್ಡಮ್ಮ. "ಕಾಯಿಲೆ ಇದ್ದಾಗ ಉಚ್ಚೆ ಕಟ್ಟುತ್ತೆ ಅಂತ ನೀರು ಕಂಡ್ರೇ ಹೆದರ್ತಿದ್ರು. ಈಗೇನು ಹೆದ್ರಿಕೆ?"

ಸಿದ್ದಮ್ಮ ಲೋಟ ಬಗ್ಗಿಸಿದಳು. ನೀರು ತುಟಿ ತುಂಬಿ, ಕೆನ್ನೆಯ ಮೇಲಿಂದ ಹರಿದು, ಹೊಸ ಬಿಳಿ ಬಟ್ಟೆಯನ್ನು ತೋಯಿಸಿತು.