ಎಡಗೈ ಹೊಸೆದ ಹತ್ತಿ

ಲೋಕಯ್ಯನವರು ಮರವನ್ನು ಕಣ್ಣಿನಿಂದ ನೋಡುವವರಲ್ಲ. ಹಲಗೆಯ ಮೇಲೆ ಎಡಗೈಯ ಹೆಬ್ಬೆರಳನ್ನಿಟ್ಟು, ಮುಖವನ್ನು ಬೇರೆ ಕಡೆಗೆ ತಿರುಗಿಸಿ, ನಾಡಿ ಹಿಡಿದ ಪಂಡಿತರ ಹಾಗೆ ಮೆಲ್ಲನೆ ಸರಿಯುತ್ತಾ ಹೋಗುತ್ತಾರೆ. ಆ ಹೊತ್ತಿಗೆ ಯಾರಾದರೂ ಮಾತನಾಡಿಸಿದರೆ ಉತ್ತರ ಬರುವುದಿಲ್ಲ, ಬಂದರೂ 'ನೋಡುವ' ಎಂಬ ಒಂದೇ ಮಾತು. ದೋಣಿ ಕಟ್ಟುವ ಆಚಾರಿ, ಎಪ್ಪತ್ತೆರಡು ವರ್ಷದ ಮನುಷ್ಯ. ಕೊಟ್ಟಾರದಲ್ಲಿ ಹೆದ್ದಾರಿ ದಾಟುವಾಗಲೂ ಒಂದು ಪಾದದ ಎದುರಿಗೆ ಸರಿಯಾಗಿ ಇನ್ನೊಂದನ್ನಿಟ್ಟು, ನೀರಿನ ಮೇಲಿನ ಹಲಗೆಯಲ್ಲಿ ನಡೆದಂತೆ ನಡೆಯುತ್ತಾರೆ. ಲಾರಿಯವರು ಹಾರ್ನ್ ಹಾಕಿ ಹಾಕಿ ಸುಸ್ತಾಗುತ್ತಾರೆ. ಮಂಗಳೂರಿನ ಸೆಕೆಯಲ್ಲೂ ಮೈಯಿಂದ ತೆಗೆಯದ ಒಂದು ನೀಲಿ ಕೋಟು, ದುಬೈಯ ದೋಣಿ ಕಟ್ಟುವ ಕಡೆ ಕೊಟ್ಟದ್ದು. ಅದರ ಕಿಸೆಯಲ್ಲಿ ಸಣ್ಣ ಕೊಕ್ಕೆ, ಮೇಣದ ಉಂಡೆ, ಗಂಟು ಹಾಕಿದ ಅಳತೆಯ ಹಗ್ಗ.

ಅವರು ನಮ್ಮ ಕಡೆಗೆ ಬಂದದ್ದು ಒಂದು ದೋಣಿಗಾಗಿ. ಕೂಳೂರಿನ ಹೊಳೆಬದಿಯಲ್ಲಿ, ಮುಚ್ಚಿಹೋದ ಹಂಚಿನ ಕಾರ್ಖಾನೆಯ ಶೆಡ್ಡಿಗೆ ತಾಗಿದಂತೆ ನನ್ನ ಮನೆ; ಶೆಡ್ಡಿನ ಬೀಗದ ಕೈ ನನ್ನಲ್ಲಿಯೇ ಇರುವುದು. ನನ್ನ ಯಜಮಾನರು, ಮುದ್ದು ಎಂದು ಹೆಸರು, ಕಾರ್ಖಾನೆಯ ಮೋಟಾರು ದೋಣಿ ನಡೆಸುತ್ತಿದ್ದವರು. ಆಗ ಅವಳಿ ಮಕ್ಕಳಂತಹ ಎರಡು ದೋಣಿಗಳಿದ್ದವು. ನಲವತ್ತೆಂಟು ವರ್ಷದ ಹಿಂದೆ, ಮಳೆಗಾಲ ಕಳೆದು ರಿಪೇರಿ ಮುಗಿಸಿ ಇಳಿಸಿದ ಮೂರನೆಯ ದಿನ, ಇವರ ದೋಣಿಗೆ ಬಂದರಿನ ದಾರಿಯಲ್ಲಿ ನೀರು ತುಂಬಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಬಂಡೆಗೆ ತಾಗಿಸಿದ್ದಾನೆ ಎಂದು ಮ್ಯಾನೇಜರರು ತೀರ್ಮಾನಿಸಿ ಇವರನ್ನು ಮಣ್ಣು ಹೊರುವ ಕೆಲಸಕ್ಕೆ ಹಾಕಿದರು. 'ನಾನು ತಾಗಿಸಲಿಲ್ಲ' ಎಂದು ಇವರು ಸಾಯುವವರೆಗೂ ಹೇಳುತ್ತಿದ್ದರು. ಸತ್ತು ಹನ್ನೊಂದು ವರ್ಷವಾಯಿತು. ಮೊದಮೊದಲು ನಾನು ಹೂಂ ಎನ್ನುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಎಲ್ಲಿಯೋ ತಾಗಿಸಿರಬೇಕು ಎಂದು ನಾನೂ ಅಂದುಕೊಂಡಿದ್ದೆ.

ಎರಡರಲ್ಲಿ ಒಂದು ದೋಣಿ ಮಲ್ಪೆಗೆ ಮಾರಿಹೋಗಿತ್ತು. ಶೆಡ್ಡಿನಲ್ಲಿ ಉಳಿದದ್ದು ಯಾವುದು ಎಂದು ಹೇಳುವವರಿರಲಿಲ್ಲ. ಮೈಗೆಲ್ಲ ತಗಡು ಹೊಡೆದು ಡಾಮರು ಬಳಿದಿದ್ದರು. ಈಗಿನ ಧಣಿ ತಾರಾನಾಥರಿಗೆ ಹೋಟೆಲು ಇದೆ. ದೋಣಿಯನ್ನು ನಡುವಿಗೆ ಕೊಯ್ದು ಹೋಟೆಲಿನ ಮುಂದಿನ ಕೋಣೆಗೆ ಕೌಂಟರು ಮಾಡಬೇಕೆಂಬುದು ಅವರ ಯೋಚನೆ. ಎಂಜಿನ್ ಕೂರಿಸಿ ಅತಿಥಿಗಳನ್ನು ಹೊಳೆ ಸುತ್ತಿಸಬೇಕೆಂಬುದು ಮಗಳು ಸಂಚಿತಾಳ ಹಟ. ಕೊನೆಗೆ ಒಂದು ಒಪ್ಪಂದವಾಯಿತು. ಗುರುವಾರ ಬೆಳಗಿನಿಂದ ಸಂಜೆಯವರೆಗೆ ಎಂಜಿನ್ ಹೊತ್ತು ನೀರಿನಲ್ಲಿ ನಿಂತರೆ ದೋಣಿ, ಇಲ್ಲವಾದರೆ ಶುಕ್ರವಾರ ಗರಗಸ. ಅದನ್ನು ಕೊಯ್ದರೆ ನನ್ನವರ ಮಾತು ಸತ್ಯವೋ ಸುಳ್ಳೋ ಎಂಬುದೂ ಅದರೊಟ್ಟಿಗೇ ಹೋಗುತ್ತದೆಂದು ನನಗೆ ಅನ್ನ ಸೇರಲಿಲ್ಲ.

ಸಂಚಿತಾ ಶಕ್ತಿನಗರದಿಂದ ಲೋಕಯ್ಯನವರನ್ನೂ ಅವರ ಮಗ ದೀಪೇಶನನ್ನೂ ಕರೆತಂದಳು. ತಗಡು ಬಿಚ್ಚಿದಾಗ ಹಲಗೆಗಳು ಹಂಚಿನ ಮಾಡಿನ ಹಾಗೆ ಒಂದರ ಅಂಚಿನ ಮೇಲೊಂದು ಕುಳಿತಿರುವುದು ಕಂಡಿತು. ಅಂಚಿನುದ್ದಕ್ಕೂ ತಾಮ್ರದ ಮೊಳೆ. ಇಂಗ್ಲೆಂಡಿನದ್ದೆಂದು ಅಜ್ಜ ಹೇಳುತ್ತಿದ್ದರು ಎಂದಳು ಸಂಚಿತಾ. ಹೆಬ್ಬೆರಳು ಒಂದು ಸುತ್ತು ಬಂದ ಮೇಲೆ ಲೋಕಯ್ಯನವರು, "ಇದು ಹೆಬ್ಬಲಸು ಮಗಾ. ಕ್ರಮ ಅಲ್ಲಿಯದ್ದು, ಮರ ಇಲ್ಲಿಯದ್ದು, ಕೈಯೂ ಇಲ್ಲಿಯದ್ದೇ" ಎಂದರು. ಹಳೆಯ ಎಂಜಿನ್ನಿನ ಬೋಲ್ಟು ತೂತುಗಳನ್ನು ಹಗ್ಗದಲ್ಲಿ ಅಳೆದು, ಅಷ್ಟೂ ಭಾರ ಎರಡೇ ಪಕ್ಕೆಲುಬಿನ ಮೇಲೆ ಕೂತಿತ್ತೆಂದು ತೋರಿಸಿ, ಹೊಸ ಎಂಜಿನ್ನಿಗೆ ಐದು ಪಕ್ಕೆಲುಬಿನ ಉದ್ದಕ್ಕೆ ಮರದ ಹಾಸು ಕೂರಿಸಿದರು. ಫೈಬರಿನ ಕೆಲಸದವನಾದ ದೀಪೇಶನಿಗೆ ಹೊರಮೈಗೆಲ್ಲ ಫೈಬರು ಬಳಿದು ಒಂದೇ ದಿನದಲ್ಲಿ ಮುಗಿಸುವ ಅವಸರ.

"ಪ್ಲಾಸ್ಟರು ಹಾಕುದು ಬೇಡ. ಅದಕ್ಕೆ ಉಸಿರು ಕಟ್ತದೆ," ಎಂದರು ತಂದೆ.

"ನಿಮ್ಮ ಮರ ಉಸಿರಾಡುದು ನಿಮಗೆ ಮಾತ್ರ ಕೇಳುದು ಅಪ್ಪ. ಗುರುವಾರ ಅದು ಮುಳುಗುದು ಊರಿಗೆಲ್ಲ ಕಾಣ್ತದೆ."

ಆ ಮಧ್ಯಾಹ್ನವೇ, ಮೂರನೆಯ ಹಲಗೆಯ ಅಂಚಿನೊಳಗೆ ಕೊಕ್ಕೆ ಹಾಕಿ ಎಳೆದಾಗ, ಎಣ್ಣೆ ಹಿಡಿದು ಕಪ್ಪಾದ ಹತ್ತಿಯ ಎಳೆಯೊಂದು ಹೊರಬಂತು. ಲೋಕಯ್ಯನವರು ಅದನ್ನು ಬೆಳಕಿಗೆ ಹಿಡಿದು ಕಣ್ಣಿನಿಂದಲೇ ನೋಡಿದರು. ನೋಡಿ ಕೋಟಿನ ಕಿಸೆಗೆ ಹಾಕಿಕೊಂಡರು. ಮತ್ತೆ ಎರಡು ದಿನ 'ನೋಡುವ' ಎಂಬ ಮಾತೂ ಇಲ್ಲ; ಬೆಳಗಿನಿಂದ ಕತ್ತಲಾಗುವ ತನಕ ಅಂಚು ಅಂಚಿನಿಂದ ಹತ್ತಿ ತೆಗೆಯುವುದೊಂದೇ. ದೋಣಿಗೆ ಏನೋ ಬರಬಾರದ ಕಾಯಿಲೆ ಇದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ನಾನು ಅಂದುಕೊಂಡೆ.

ಮೂರನೆಯ ದಿನ ಗಂಜಿಯ ಬಟ್ಟಲನ್ನು ಕೆಳಗಿಟ್ಟು ಹೇಳಿದರು: "ಜಲಜಕ್ಕ, ಈ ಹತ್ತಿ ತುಂಬಿಸಿದ್ದು ನಾನು."

ಎಲ್ಲರೂ ಹತ್ತಿಯನ್ನು ಬಲಕ್ಕೆ ಹೊಸೆಯುತ್ತಾರೆ, ಇದು ಎಡಕ್ಕೆ ಹೊಸೆದದ್ದು; ಆ ಕಾಲದಲ್ಲಿ ಎಡಗೈಯ ಆಚಾರಿ ತಾನೊಬ್ಬನೇ, ಎರಡರಲ್ಲಿ ತಾನು ಕೈ ಹಾಕಿದ್ದು ಮುದ್ದಣ್ಣನ ದೋಣಿಗೆ ಮಾತ್ರ ಎಂದರು. ನಮ್ಮ ಕಡೆಯ ದೋಣಿಗಳಲ್ಲಿ ಹಲಗೆಗೆ ಹಲಗೆ ಎದುರಾಗಿ ನಿಲ್ಲುವುದರಿಂದ ನಡುವಿನ ಸಂದಿಗೆ ಹತ್ತಿ ತುಂಬಿಸಲೇಬೇಕು. ಅಂಚಿನ ಮೇಲೆ ಅಂಚು ಕೂರಿಸಿದ ದೋಣಿಗೆ ಏನನ್ನೂ ತುಂಬಿಸಬಾರದು. ಮರ ನೀರು ಕುಡಿದು ಉಬ್ಬಿ ತನ್ನಷ್ಟಕ್ಕೆ ಬಿಗಿಯುತ್ತದೆ. ಸಂದಿಯಲ್ಲಿ ಹತ್ತಿ ಇದ್ದರೆ ಉಬ್ಬಲು ಜಾಗವಿಲ್ಲದೆ ಹಲಗೆ ಹಲಗೆಯನ್ನೇ ದೂಡಿ ಮೊಳೆ ಕೀಳುತ್ತದೆ. ಇದು ಅವರಿಗೆ ತಿಳಿದದ್ದು ದುಬೈಗೆ ಹೋದ ಮೇಲೆ. ತಿಳಿದು ಊರಿಗೆ ಮರಳಿದಾಗ ನನ್ನವರು ಬದುಕಿದ್ದರು. "ಎರಡು ಸಲ ನಿಮ್ಮ ಗೇಟಿನವರೆಗೆ ಬಂದಿದ್ದೆ ಅಕ್ಕ. ಧೈರ್ಯ ಬರಲಿಲ್ಲ." ನಾನು ಬಟ್ಟಲು ತೆಗೆದುಕೊಂಡು ಹೋಗಿ ತೊಳೆದೆ. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದೆ.

ಕಿತ್ತ ಮೊಳೆಗಳಿಗೆ ಬದಲು ಮೊಳೆ ಹೊಡೆದು ಭಾನುವಾರ ದೋಣಿಯನ್ನು ಹೊಳೆಗಿಳಿಸಿದರು. ಎಲ್ಲ ಅಂಚುಗಳಿಂದಲೂ ನೀರು ಜರಡಿಯಲ್ಲಿ ಬಂದ ಹಾಗೆ ಬಂತು. ಲೋಕಯ್ಯನವರು ತಡೆಯಲಿಲ್ಲ, ದೋಣಿಯ ಮೇಲಂಚಿನ ಮಟ್ಟಕ್ಕೆ ಮುಳುಗಲು ಬಿಟ್ಟು, ಹಗ್ಗ ಕಟ್ಟಿ, ದಡದಲ್ಲಿ ಕೂತರು. ಮೂರು ದಿನ. ಹೋಟೆಲಿನ ಜನ ಬಂದು ಫೋಟೋ ತೆಗೆದುಕೊಂಡು ಹೋದರು. "ಹೆಣ ಕಾದ ಹಾಗೆ ಕಾಯುವುದಾ ಮಾರಾಯ್ರೆ?" ಎಂದು ದೀಪೇಶ ಕೇಳಿದ. ಬುಧವಾರ ನೀರು ತೋಡಿ ಎಂಜಿನ್ ಇಳಿಸಿದರು.

ಗುರುವಾರ ಒಳಗೆ ಕೂತು ನೀರು ತೋಡುವ ಕೆಲಸ ನಾನೇ ಕೇಳಿ ಪಡೆದೆ. ಎಂಟು ಗಂಟೆಗೆ ಹದಿನೆಂಟು ತೆಂಗಿನ ಚಿಪ್ಪು ನೀರು. ಒಂಬತ್ತಕ್ಕೆ ಹದಿನೈದು. ಹತ್ತಕ್ಕೆ ಎಂಜಿನ್ ಚಾಲೂ ಮಾಡಿದಾಗ ಇಪ್ಪತ್ತಮೂರು. ದೀಪೇಶ ಮುಖ ತಿರುಗಿಸಿಕೊಂಡ. ಹನ್ನೆರಡಕ್ಕೆ ಹನ್ನೊಂದು. ಮೂರಕ್ಕೆ ನಾಲ್ಕು. ಐದಕ್ಕೆ ಒಂದೂವರೆ.

ಐದೂಕಾಲಿಗೆ ತಾರಾನಾಥರು ಮಗಳೊಟ್ಟಿಗೆ ಬಂದು, ಒಣಗಿದ ತಳವನ್ನು ನೋಡಿ, ಅಂತೂ ಇದು ಯಾವ ದೋಣಿ ಎಂದು ಸುಮ್ಮನೆ ಕೇಳಿದರು. ಲೋಕಯ್ಯನವರು ಎದ್ದು ನಿಂತರು. ಹೇಳಬೇಡಿ ಎಂದು ನಾನು ಕೈಸನ್ನೆ ಮಾಡಿದೆ. ಒಮ್ಮೆ ಹಾಳು ಮಾಡಿದವನ ಕೈಯಲ್ಲೇ ಮತ್ತೆ ರಿಪೇರಿ ಎಂದು ತಿಳಿದರೆ ಯಾವ ಧಣಿ ತನ್ನ ಅತಿಥಿಗಳನ್ನು ಅದರಲ್ಲಿ ಕೂರಿಸುತ್ತಾನೆ?

"ಇದು ಮುದ್ದಣ್ಣ ನಡೆಸ್ತಿದ್ದ ದೋಣಿ. ಅವರು ಬಂಡೆಗೆ ತಾಗಿಸಲಿಲ್ಲ. ಹತ್ತಿ ತುಂಬಿಸಿ ಹಾಳು ಮಾಡಿದ್ದು ನಾನು," ಎಂದರು, ಕಿಸೆಯ ಎಳೆಯನ್ನು ಅಂಗೈಯಲ್ಲಿಟ್ಟು.

ತಾರಾನಾಥರು ಆ ಎಳೆಯನ್ನೂ ಲೋಕಯ್ಯನವರನ್ನೂ ನೋಡಿದರು. "ಈಗ ಒಳಗೆ ಎಷ್ಟು ಉಂಟು?"

"ಒಂದು ಎಳೆಯೂ ಇಲ್ಲ."

ತಾರಾನಾಥರು ಬೂಟು ಬಿಚ್ಚಿ, ಪ್ಯಾಂಟು ಮಡಚಿ, ದೋಣಿಗೆ ಕಾಲಿಟ್ಟರು. ನನ್ನ ಎದುರಿನ ಹಲಗೆಯಲ್ಲಿ ಕೂತು, "ನಿಮ್ಮ ಯಜಮಾನರು ಎಲ್ಲಿವರೆಗೆ ಹೋಗ್ತಿದ್ದರು?" ಎಂದು ಕೇಳಿದರು. ಬಂದರಿನವರೆಗೆ ಎಂದೆ.

ಕೈಯಿಂದಲೇ ಬದುಕಿದ ಇಂಥವರ ಸ್ವಭಾವ ನನಗೆ ಈಗಲೂ ಪೂರ್ತಿ ಹಿಡಿತಕ್ಕೆ ಸಿಕ್ಕಿಲ್ಲ. ಬೆರಳಿಗೆ ತಾಗಿದ ಸತ್ಯವನ್ನು ಅವರು ಬಿಡುವವರಲ್ಲ, ಆದರೆ ಅದು ನಾಲಿಗೆಗೆ ಬರಲು ಎಷ್ಟೋ ವರ್ಷ ಬೇಕು. ಕೇಳಬೇಕಾದ ಮನುಷ್ಯ ಅಷ್ಟರಲ್ಲಿ ಹೋಗಿಯೇ ಬಿಟ್ಟಿರುತ್ತಾನೆ. ಅವರ ಮೇಲೆ ಕೋಪ ಮಾಡುವುದು ಕಷ್ಟ, ಮಾಡದಿರುವುದೂ ಕಷ್ಟ. ಆದರೂ ಬಾಯಿ ಮುಚ್ಚಿಕೊಂಡರೆ ಗೆಲ್ಲುವಂತಿರುವ ಹೊತ್ತಿನಲ್ಲೇ ಬಾಯಿ ಬಿಡುವವರು ಅವರು. ಮನೆಯವಳಾಗಿ ನಾನು ನನ್ನವರ ಬಗ್ಗೆ 'ಅವರು ತಾಗಿಸಲಿಲ್ಲ' ಎಂಬಷ್ಟನ್ನೂ ಯಾರ ಎದುರಿಗೂ ಹೇಳಿರಲಿಲ್ಲ.