ಧಾರೆಯೋ, ಉಡಿಕೆಯೋ

ದಕ್ಷಿಣ ಆಫ್ರಿಕದ ನಟಾಲವೆಂಬ ಸೀಮೆಯನ್ನು ಐಮಂಗಲದವರು ಯಾರೂ ಕಂಡವರಲ್ಲ. ಮದರಾಸಿನಲ್ಲಿ ಹಡಗು ಹತ್ತಬೇಕಂತೆ, ಅಲ್ಲಿ ಕಣ್ಣು ಹಾಯುವವರೆಗೂ ಕಬ್ಬಂತೆ, ಆಳುವವರು ಬಿಳಿಯರಂತೆ. ಹುಲಿಗೆಮ್ಮನಿಗೆ ಗೊತ್ತಿದ್ದುದು ಇಷ್ಟೇ: ಐದು ವರ್ಷದ ಕರಾರಿನ ಮೇಲೆ ಹೋದ ಗಂಡ ಅಂಜನಪ್ಪ ಕರಾರು ಮುಗಿದ ಮೇಲೂ ಅಲ್ಲೇ ನಿಂತು ತರಕಾರಿ ಬೆಳೆಯುತ್ತಿದ್ದಾನೆ, ಈಗ ಅವಳನ್ನೂ ಮಗಳು ಕಾಟಮ್ಮನನ್ನೂ ಕರೆಸಿಕೊಳ್ಳಬೇಕೆಂದಿದ್ದಾನೆ.

ಕರೆಸಿಕೊಳ್ಳುವುದೇನು ಸುಲಭವೇ? ಅಲ್ಲಿಯ ಸರ್ಕಾರ ನಮ್ಮವರ ಮದುವೆಗಳನ್ನು ಮದುವೆಯೇ ಅಲ್ಲ ಅಂದುಬಿಟ್ಟಿತ್ತು. ಇಗರ್ಜಿಯಲ್ಲಿ ಆಗಿಲ್ಲ, ರಿಜಿಸ್ಟರಿನಲ್ಲಿಲ್ಲ, ಆದ್ದರಿಂದ ಹೆಂಡತಿಯಲ್ಲ! ಅವರ ಕಾನೂನಿಗಿಷ್ಟು ಬೆಂಕಿ ಹಾಕ. ಅದಕ್ಕೆ ಎದುರು ನಿಂತು ಅಲ್ಲಿಯ ನಮ್ಮ ಜನ ಜೈಲು ಕಂಡರು. ಹಿಂದೂಸ್ಥಾನದ ಸರ್ಕಾರಕ್ಕೂ ಅವರಿಗೂ ನಡುವೆ ಕಾಗದಗಳು ಓಡಾಡಿದವು. ಕೊನೆಗೊಂದು ರಾಜಿಯಾಯಿತು. ಒಬ್ಬ ಗಂಡಸು ಒಬ್ಬ ಹೆಂಡತಿಯನ್ನು ಕರೆಸಿಕೊಳ್ಳಬಹುದು, ಮದುವೆ ಯಾವ ಪದ್ಧತಿಯದಾದರೂ ಸರಿ. ಆದರೆ ಅವನು ಅಲ್ಲಿ, ಅವಳು ಇಲ್ಲಿ ಪ್ರಮಾಣ ಮಾಡಿ ಹೇಳಬೇಕು, ಎರಡೂ ತಾಳೆಯಾಗಬೇಕು.

ಅಂಜನಪ್ಪನ ಪತ್ರವನ್ನು ಮೇಷ್ಟರು ಓದಿ ಹೇಳಿದ್ದರು: “ಹಿರಿಯೂರು ಕಚೇರಿಯಲ್ಲಿ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳು.”

ಇದ್ದದ್ದನ್ನು ಹೇಳುವುದೇ ಹುಲಿಗೆಮ್ಮನಿಗೆ ಕಷ್ಟವಾಗಿತ್ತು. ಮೊದಲ ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಅಂಜನಪ್ಪ ಕುಲದ ನ್ಯಾಯ ನಡೆಯುವ ಕಟ್ಟೆಮನೆಯ ಹಿರಿಯರ ಮುಂದೆ ಸೀರೆ ಕೊಟ್ಟು ಅವಳನ್ನು ಉಡಿಕೆ ಮಾಡಿಕೊಂಡಿದ್ದ. ಧಾರೆಯಿಲ್ಲ, ಓಲಗವಿಲ್ಲ, ಮುತ್ತೈದೆಯರು ಆ ಕಡೆ ಸುಳಿಯಲಿಲ್ಲ. ಕುಲ ಒಪ್ಪಿತು, ನಿಜ. ಆದರೆ ಯಾರ ಮನೆಯ ಮದುವೆಯಲ್ಲೂ ಅವಳ ಕೈಗೆ ಆರತಿ ತಟ್ಟೆ ಬರಲಿಲ್ಲ. ಹಸೆಯ ಹತ್ತಿರ ಹೋದರೆ ಯಾರಾದರೂ ಮೆಲ್ಲಗೆ ಸೆರಗು ಎಳೆಯುತ್ತಿದ್ದರು.

“ಧಾರೆ ಅಂದ್ಬಿಡು ಮಗಳೆ,” ಎಂದ ಕಟ್ಟೆಮನೆ ಯಜಮಾನ ನಾಗಣ್ಣ. “ನಾನೇ ಸಾಕ್ಷಿ ಹಾಕ್ತೀನಿ.”

“ಅವ್ರು ಅಲ್ಲಿ ಬೇರೆ ಬರ್ಸಿದ್ರೆ, ಮಾವ?”

“ಎಂಥ ಹುಚ್ಚಿ ನೀನು! ಯಾವ ಗಂಡಸು ಪರದೇಶದಾಗೆ ನಿಂತು ನನ್ನ ಹೆಂಡ್ತಿ ಉಡಿಕೆಯವಳು ಅಂತಾನೆ? ಮಾನ ಇಲ್ವಾ ಅವನಿಗೆ?”

ಮುದುಕನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಹಿರಿಯೂರಿನ ಸಂತೆಯ ದಿನ, ಊರಿನ ಹೆಂಗಸರೂ ಇದ್ದ ಗಾಡಿಯಲ್ಲೇ ಇಬ್ಬರೂ ಹೋದರು. ಕಚೇರಿಯಲ್ಲಿ ಅಮಲ್ದಾರರು ಕೇಳಿದರು: “ಧಾರೆಯೋ, ಉಡಿಕೆಯೋ?” ಬಾಗಿಲಾಚೆ ಆ ಹೆಂಗಸರು ಕಿವಿ ಕೊಟ್ಟು ನಿಂತಿದ್ದರು.

“ಧಾರೆ, ಸ್ವಾಮಿ,” ಎಂದಳು. ನಾಗಣ್ಣ ಹೆಬ್ಬೆಟ್ಟು ಒತ್ತಿದ.

ಎಂಟು ತಿಂಗಳು ಕಳೆದವು. ಕಾಟಮ್ಮ ಸಿಕ್ಕಸಿಕ್ಕವರಿಗೆಲ್ಲ ಹಡಗಿನ ಸುದ್ದಿ ಹೇಳಿ ಮುಗಿಸಿದ್ದಳು. ಹುಲಿಗೆಮ್ಮ ಹಡಗಿನ ದಾರಿಗೆಂದು ಹುರಿಹಿಟ್ಟು ಮಾಡಿಟ್ಟು, ಅದು ಮುಗ್ಗಿ, ಮತ್ತೆ ಮಾಡಿಟ್ಟಳು. ಆಮೇಲೆ ಕಚೇರಿಯಿಂದ ಕರೆ ಬಂತು. ಅವತ್ತೂ ಸಂತೆಯೇ, ಅದೇ ಗಾಡಿ, ಜೊತೆಗೆ ನಾಗಣ್ಣ.

ಶಿರಸ್ತೇದಾರರು ಕಾಗದ ಬಿಚ್ಚಿದರು. “ನಿನ್ನ ಗಂಡನ ಹೇಳಿಕೆ ಕೇಳಮ್ಮ. ‘ನನ್ನ ಹೆಂಡತಿ ಹುಲಿಗೆಮ್ಮ. ಕಟ್ಟೆಮನೆಯ ಹಿರಿಯರ ಮುಂದೆ ಸೀರೆ ಕೊಟ್ಟು ಉಡಿಕೆ ಮಾಡಿಕೊಂಡೆ. ನಮ್ಮಲ್ಲಿ ಅದೂ ಮದುವೆಯೇ. ಇವಳ ಹೊರತು ನನಗೆ ಬೇರೆ ಹೆಂಡತಿಯಿಲ್ಲ, ಬೇಕಾಗಿಯೂ ಇಲ್ಲ.’”

ಹುಲಿಗೆಮ್ಮ ಒಂದು ಹೆಜ್ಜೆ ಮುಂದೆ ಬಂದು ಆ ಕಾಗದವನ್ನೇ ನೋಡಿದಳು.

“ನೀನು ಧಾರೆ ಅಂದಿದ್ದೀಯ. ಅವನು ಹೇಳುವ ಹೆಂಗಸು ನೀನಲ್ಲ ಅಂತ ಅಲ್ಲಿಯವರು ಪರವಾನಗಿ ತಳ್ಳಿಹಾಕಿದ್ದಾರೆ. ಇನ್ನು ಈ ವಿಷಯದಲ್ಲಿ ಪತ್ರವ್ಯವಹಾರ ಬೇಡವಂತೆ.”

“ಸುಳ್ಳು ಹೇಳಿದ್ದು ನಾನು ಸ್ವಾಮಿ! ಆ ಹುಲಿಗೆಮ್ಮ ನಾನೇ. ಈಗ ಬರ್ಕಳ್ರಿ.”

ಶಿರಸ್ತೇದಾರರು ದನಿ ತಗ್ಗಿಸಿದರು. “ಬರೆದರೆ ಮೊದಲು ಹೇಳಿದ್ದು ಸುಳ್ಳು ಪ್ರಮಾಣ ಅಂತಾಗುತ್ತೆ. ನೀನೂ ಜೈಲಿಗೆ, ಈ ಯಜಮಾನನೂ ಜೈಲಿಗೆ. ಅಷ್ಟಾದರೂ ಅವರು ನಂಬುತ್ತಾರೆ ಅಂತ ಹೇಗೆ ಹೇಳಲಿ?”

“ಬರ್ಕಳ್ರಿ ಬುದ್ಧಿ, ನಾ ಹೋಗ್ತೀನಿ,” ಎಂದ ನಾಗಣ್ಣ. ಕೋಲೂರಿಕೊಂಡು ಮುಂದೆ ಬಂದ. ಎಪ್ಪತ್ತು ದಾಟಿದ ಜೀವ. ಅವನನ್ನು ನೋಡಿ ಹುಲಿಗೆಮ್ಮನಿಗೆ ಸಿಟ್ಟೂ ಬಂತು, ಕನಿಕರವೂ ಬಂತು.

“ಬ್ಯಾಡ ಬಿಡು ಮಾವ,” ಎಂದಳು. ಆಮೇಲೆ ಶಿರಸ್ತೇದಾರರ ಕಡೆ ತಿರುಗಿ, “ಅವ್ರು ಹೇಳಿದ್ದು ಇನ್ನೊಂದ್ಸಲ ಓದ್ರಿ ಸ್ವಾಮಿ,” ಎಂದು ಕೇಳಿದಳು.

ಪುಣ್ಯಾತ್ಮ ಓದಿದರು. ಬೇಕಾಗಿಯೂ ಇಲ್ಲ ಎನ್ನುವವರೆಗೂ ಓದಿ, ಕಡತಕ್ಕೆ ದಾರ ಸುತ್ತಿ ಬೀರುವಿನಲ್ಲಿಟ್ಟರು.

ಹೊರಗೆ ಗಾಡಿಯಲ್ಲಿ ಕುಂತಿದ್ದ ಹೆಂಗಸರು ಕತ್ತು ಚಾಚಿದರು. “ಏನಂದ್ರು? ಹಡಗು ಯಾವಾಗಂತೆ?”

“ಹಡಗಿಲ್ಲ,” ಎಂದಳು ಹುಲಿಗೆಮ್ಮ. ಆಮೇಲೆ ಬೀದಿಗೆಲ್ಲ ಕೇಳುವಂತೆ ಹೇಳಿದಳು: “ನಾನು ಉಡಿಕೆ ಹೆಂಡ್ತಿ. ನನ್ನ ಗಂಡ ಬಿಳೇರ ಮುಂದೆ ನಿಂತು ಹಂಗಂತ ಬರ್ಸಿದಾನೆ.”

ಒಬ್ಬಾಕೆ ಸರಿದು ಜಾಗ ಬಿಟ್ಟಳು. ಗಾಡಿ ಐಮಂಗಲದ ದಾರಿ ಹಿಡಿಯಿತು. ಮನೆಯಲ್ಲಿ ಕಾಟಮ್ಮ ಹಡಗಿನ ದಿನ ಕೇಳಲು ಕಾಯುತ್ತಿದ್ದಳು.